ಇಬ್ಬರು ಮಕ್ಕಳ ಬಂಜೆ

ನಮ್ಮ ಶಮಿಸೊ ಸಿಂಹದ ಕುಲದವಳು. ಅವಳ ಗಂಡ ತಫಾರ ಜೀಬ್ರಾ ಕುಲದವನು. ನಾವು ಆಫ್ರಿಕಾದ ಶೋನಾ ಜನ ಹುಟ್ಟುವಾಗಲೇ ಒಂದೊಂದು ಪ್ರಾಣಿಯನ್ನು ಹೆಸರಿನ ಹಿಂದೆ ಕಟ್ಟಿಕೊಂಡು ಬರುತ್ತೇವೆ. ಸಿಂಹ ಹೋಗಿ ಜೀಬ್ರಾವನ್ನು ಮದುವೆಯಾದರೆ ಯಾರು ಯಾರನ್ನು ತಿನ್ನುತ್ತಾರೆ ಎಂಬ ತಮಾಷೆಯನ್ನು ಅವರ ಮದುವೆಯ ದಿನದಿಂದ ಕಂಡಕಂಡವರೆಲ್ಲ ಮಾಡಿದ್ದಾರೆ. ಪ್ರತಿಯೊಬ್ಬರೂ ಅದು ತಮಗೇ ಮೊದಲು ಹೊಳೆದದ್ದು ಎಂದುಕೊಂಡಿದ್ದಾರೆ. ತಫಾರ ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಾನೆ. ಅಷ್ಟು ಒಳ್ಳೆಯವನು.

ಇಂಗ್ಲೆಂಡಿನ ಹಾಲ್ಡರ್ಬಿ ಊರಿನಲ್ಲಿ ಆ ಜೀಬ್ರಾ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತದೆ. ಆ ಸಿಂಹಿಣಿ ವೃದ್ಧಾಶ್ರಮದಲ್ಲಿ ಮುದುಕಿಯರಿಗೆ ಸ್ನಾನ ಮಾಡಿಸುತ್ತಾಳೆ, ಉಗುರು ಕತ್ತರಿಸುತ್ತಾಳೆ, ಅವರ ತೀರಿಹೋದ ಗಂಡಂದಿರ ಕಥೆಯನ್ನು ದಿನಾ ಕೇಳಿ ದಿನಾ ಹೌಹಾರುತ್ತಾಳೆ. ನಾನು ಅದೇ ಆಶ್ರಮದ ಅಡಿಗೆಮನೆಯಲ್ಲಿದ್ದೇನೆ. ಆದ್ದರಿಂದ ಅವಳು ಬ್ರಿಟಿಷ್ ಸರ್ಕಾರದ ಮೇಲೆ ಹೂಡಿದ ಮಹಾಯುದ್ಧವನ್ನು ಕೈಯಲ್ಲಿ ಸೌಟು ಹಿಡಿದುಕೊಂಡೇ ನೋಡಿದ್ದೇನೆ.

ಯುದ್ಧದ ಕಾರಣ ಸರಳ. ಶಮಿಸೊಗೆ ಮನೆಯಲ್ಲಿ ಮಗು ಬೇಕಿತ್ತು. ಹಳೆಯ ಸೋಂಕೊಂದರಿಂದ ಅವಳ ಗರ್ಭನಾಳಗಳು ಮುಚ್ಚಿಹೋಗಿದ್ದವು. ಐವಿಎಫ್ ಮಾಡಿಸಿದರೆ ಆಗುತ್ತದೆ, ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದರು. ಸರ್ಕಾರಿ ಆಸ್ಪತ್ರೆ ಅದನ್ನು ಪುಕ್ಕಟೆ ಮಾಡುತ್ತದೆ. ಆ ಜಿಲ್ಲೆಯ ಷರತ್ತು ಎಂದರೆ ಹೆಂಗಸಿಗೆ ನಲವತ್ತು ತುಂಬಿರಬಾರದು. ಶಮಿಸೊಗೆ ಆಗ ಮೂವತ್ತೈದು. ಅಷ್ಟರೊಳಗೆ ಒಂದು ಫುಟ್‌ಬಾಲ್ ತಂಡವನ್ನೇ ಹೆತ್ತು ಕೊಡುತ್ತೇನೆ ಎಂದು ಅವಳು ಹಾಡಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ಯಾರಿಗೆ ಪುಕ್ಕಟೆ, ಯಾರಿಗೆ ಅಲ್ಲ ಎಂದು ನೋಡುವ ಮೇಜೊಂದಿದೆ. ಅದರ ಹಿಂದೆ ಮಿಸೆಸ್ ಲಿಂಡಾ ಥ್ರಪ್ ಕೂತಿದ್ದರು. ಕೆಟ್ಟ ಹೆಂಗಸಲ್ಲ. ಮೇಜಿನ ಮೇಲೆ ನಾಯಿಮರಿಯ ಫೋಟೊ ಇಟ್ಟಿದ್ದರು, ಬಂದವರಿಗೆಲ್ಲ ಪೆಪ್ಪರ್‌ಮಿಂಟ್ ಕೊಡುತ್ತಿದ್ದರು. ಜಗತ್ತಿನಲ್ಲಿ ಅತಿ ಹೆಚ್ಚು ಕೇಡು ಮಾಡುವವರು ಪೆಪ್ಪರ್‌ಮಿಂಟ್ ಕೊಟ್ಟೇ ಮಾಡುತ್ತಾರೆ.

"ನಿಮ್ಮ ವೀಸಾದಲ್ಲಿ ಎಲ್ಲಾ ಇದೆ ಡಿಯರ್," ಎಂದರು ಅವರು. "ಕಾಲು ಮುರಿದ್ರೆ ಕಟ್ತೀವಿ. ಹೃದಯ ಕೆಟ್ರೆ ಆಪರೇಶನ್ ಮಾಡ್ತೀವಿ. ದೇವರು ಹಾಗೆ ಮಾಡದೆ ಇರಲಿ, ಕ್ಯಾನ್ಸರ್ ಬಂದ್ರೂ ನೋಡ್ಕೋತೀವಿ."

"ಮಗು?"

"ಅದೊಂದು ಇಲ್ಲ. ತಾತ್ಕಾಲಿಕ ವೀಸಾದವರಿಗೆ ಅದೊಂದನ್ನ ತೆಗೆದಾಕಿದಾರೆ. ಕಾಯಂ ವಾಸದ ಪರವಾನಗಿ ಸಿಗುತ್ತಲ್ಲ, ಆವಾಗ ಬನ್ನಿ."

"ಅದು ಸಿಗೋಕೆ ಇಲ್ಲಿ ಐದು ವರ್ಷ ದುಡೀಬೇಕು. ನಾನು ಬಂದೇ ಇನ್ನೂ ವರ್ಷ ಆಗಿಲ್ಲ."

"ಹಾಗಾದ್ರೆ ಆಮೇಲೂ ಸ್ವಲ್ಪ ಟೈಮ್ ಉಳಿಯುತ್ತೆ ನೋಡಿ," ಎಂದು ಮಿಸೆಸ್ ಥ್ರಪ್ ಸಂತೋಷಪಟ್ಟರು. "ಪೆಪ್ಪರ್‌ಮಿಂಟ್ ತಗೊಳಿ."

ಶಮಿಸೊ ಅಲ್ಲಿಂದ ನೇರವಾಗಿ ಅಡಿಗೆಮನೆಗೆ ಬಂದು ನನ್ನ ಈರುಳ್ಳಿಯನ್ನೆಲ್ಲ ಹೆಚ್ಚಿಹಾಕಿದಳು. ಅವತ್ತಿನ ಊಟಕ್ಕೆ ಈರುಳ್ಳಿ ಬೇಕೇ ಇರಲಿಲ್ಲ.

ಸುದ್ದಿ ತೇತೆ ಮೊಡೆಸ್ಟಾಳನ್ನು ಮುಟ್ಟಿತು. ತೇತೆ ಎಂದರೆ ಸೋದರತ್ತೆ. ನಮ್ಮಲ್ಲಿ ಹೆಣ್ಣಿನ ಮದುವೆ, ಬಸಿರು, ಬಾಣಂತನ, ಗಂಡನ ಜೊತೆ ಜಗಳ ಎಲ್ಲಕ್ಕೂ ಸೋದರತ್ತೆಯೇ ಮಂತ್ರಿ, ಸೇನಾಪತಿ, ಗೂಢಚಾರ. ತೇತೆ ಮೊಡೆಸ್ಟಾ ಇಂಗ್ಲೆಂಡಿಗೆ ಬಂದು ಎಷ್ಟೋ ವರ್ಷವಾಗಿತ್ತು. ನಮ್ಮ ಚರ್ಚಿನ ಗುರುವಾರದ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ಆ ಸಂಘದ ಕೆಂಪು ರವಿಕೆ, ಕಪ್ಪು ಲಂಗ, ಬಿಳಿ ಟೋಪಿ ತೊಟ್ಟು ಅವಳು ಬಸ್ ಹತ್ತಿದರೆ ಡ್ರೈವರು ಟಿಕೆಟ್ ಕೇಳುವ ಮೊದಲು ಎರಡು ಸಲ ಯೋಚಿಸುತ್ತಾನೆ. ಅವಳಿಗೆ ತಂದೆತಾಯಿ ಇಟ್ಟ ಹೆಸರಿನ ಅರ್ಥ ವಿನಯವಂತೆ ಎಂದು. ತಂದೆತಾಯಿ ಆಸೆ ಪಡುವುದು ಸಹಜ.

"ಅಂದ್ರೆ ಇವರು ನಮ್ಮನ್ನ ಸಾಯೋಕೂ ಬಿಡಲ್ಲ, ಹೆರೋಕೂ ಬಿಡಲ್ಲ," ಎಂದಳು ತೇತೆ. "ಸತ್ರೆ ಮುದುಕೀರಿಗೆ ಸ್ನಾನ ಮಾಡಿಸೋರು ಯಾರು. ಹೆತ್ರೆ ರಜೆ ಕೊಡಬೇಕು. ಲೆಕ್ಕ ಸರಿಯಾಗೇ ಹಾಕಿದಾರೆ ಕಣೆ. ಅಳಿಯಂದ್ರೇ, ನೀವೇನಂತೀರಿ?"

ಅತ್ತೆಯ ಮುಂದೆ ಅಳಿಯ ನಿಂತು ಮಾತಾಡುವ ಹಾಗಿಲ್ಲ. ತಫಾರ ಕುಕ್ಕರಗಾಲಲ್ಲಿ ಕೂತು ಎರಡು ಸಲ ಚಪ್ಪಾಳೆ ತಟ್ಟಿ, "ಕಾಯೋಣ ತೇತೆ," ಎಂದ.

"ಜೀಬ್ರಾ," ಎಂದಳು ತೇತೆ.

ಕಾದರು. ಒಬ್ಬ ಹೆಂಗಸು ಕಾಯುವುದನ್ನು ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಕೆಟ್ಟು, ಸೋಪು, ಮುದುಕಿ, ಮತ್ತೆ ಬಕೆಟ್ಟು. ಆಶ್ರಮದಲ್ಲಿ ಡೋರೀನ್ ಎಂಬ ಮುದುಕಿ ಇದ್ದಳು, ನೆನಪು ಪೂರ್ತಿ ಹಾರಿಹೋದವಳು. ಶಮಿಸೊ ಬಂದಾಗೆಲ್ಲ ಅವಳ ಕೆನ್ನೆ ಸವರಿ, "ಬಂದ್ಯಾ ಲಿಂಡಾ, ನನ್ನ ಕಂದಾ," ಎನ್ನುತ್ತಿದ್ದಳು. ಈ ಡೋರೀನ್ ನಮ್ಮ ಮಿಸೆಸ್ ಲಿಂಡಾ ಥ್ರಪ್ ಅವರ ಹೆತ್ತ ತಾಯಿ. ಊರು ಅಷ್ಟು ಚಿಕ್ಕದು. ಶಮಿಸೊ ಆ ಕೈಯನ್ನು ಕೆನ್ನೆಯ ಮೇಲೇ ಇರಗೊಟ್ಟು, "ಬಂದೆ ಅಮ್ಮಾ," ಎನ್ನುತ್ತಿದ್ದಳು. ಇವಳು ನಿನ್ನ ಮಗಳಲ್ಲ ಎಂದು ಡೋರೀನ್‌ಗೆ ಯಾವ ಕಚೇರಿಯೂ ಇದುವರೆಗೆ ಕಾಗದ ಬರೆದಿಲ್ಲ.

ಕಾಯುವಿಕೆಯ ನಡುವೆ ಒಂದು ಸಾವು ಬಂತು. ಅತ್ತ ತವರೂರಿನಲ್ಲಿ ಶಮಿಸೊಳ ಅಕ್ಕ ಯೆಮುರೈ ತೀರಿಕೊಂಡಳು. ಮಗಳು ರುವಾ, ಮಗ ಅನೆಸು ಉಳಿದರು. ಅವರ ಅಪ್ಪ ಯೆಮುರೈಯ ತವರಿಗೆ ಕೊಡಬೇಕಾದ ತೆರ ಕಟ್ಟದೆ ದಕ್ಷಿಣ ಆಫ್ರಿಕಾದ ಕಡೆ ಮಾಯವಾದ ಮಹಾಶಯ. ತೆರ ಕಟ್ಟದವನ ಮಕ್ಕಳು ತಾಯಿಯ ಮನೆಗೆ ಸೇರಿದವರು. ಅದರಲ್ಲಿ ನಮ್ಮವರಿಗೆ ಎರಡು ಮಾತಿಲ್ಲ. ಶಮಿಸೊ ವಿಮಾನ ಹತ್ತಿ ಹೋದಳು. ಮಣ್ಣಾದ ಮೇಲೆ ಹಿರಿಯರು ಚಾಪೆ ಹಾಸಿ ಕೂತರು. ಹುಡುಗನನ್ನು ಎತ್ತಿ ಅವಳ ತೊಡೆಯ ಮೇಲೆ ಕೂರಿಸಿದರು, ಹುಡುಗಿಯನ್ನು ಪಕ್ಕಕ್ಕೆ ಕೂರಿಸಿದರು, ಒಂದೇ ಬಟ್ಟಲಿನಿಂದ ಮೂವರಿಗೂ ನೀರು ಕುಡಿಸಿದರು. ದೊಡ್ಡಪ್ಪ ಹೇಳಿದ ಮಾತು ಇಷ್ಟು:

"ಇವರಿಗೆ ತಾಯಿ ಇಲ್ಲ ಅಂತ ಈ ಮನೇಲಿ ಇನ್ಮೇಲೆ ಯಾರೂ ಅನ್ನಬಾರದು. ನನಗೆ ಮಕ್ಕಳಿಲ್ಲ ಅಂತ ನೀನೂ ಅನ್ನಬಾರದು. ಹಾಗೇನಾದ್ರೂ ಅಂದ್ರೆ ಬದುಕಿರೋರನ್ನ ಹೂಳಿದ ಹಾಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮುಗಿಯಿತು. ನಮ್ಮಲ್ಲಿ ತಾಯಿಯಾಗುವುದು ಹಾಗೆ. ಯಾರೂ ಮೊಹರು ಹುಡುಕಿಕೊಂಡು ಹೋಗಲಿಲ್ಲ. ಆಮೇಲೆ ಅದೇ ತಪ್ಪಾಯಿತು.

ವಾಪಸು ಬಂದವಳು ಪ್ರತಿ ಭಾನುವಾರ ಫೋನಿನಲ್ಲಿ ಇಬ್ಬರ ಹೋಮ್‌ವರ್ಕು ನೋಡುವಳು, ಹಲ್ಲು ತೋರಿಸು ಎನ್ನುವಳು, ಅಜ್ಜಿಯ ಮಾತು ಕೇಳದ್ದಕ್ಕೆ ಏಳು ಸಮುದ್ರದಾಚೆಯಿಂದ ಬೈಯುವಳು. ಅವರು ಅವಳನ್ನು ಅಮ್ಮ ಎಂದೇ ಕರೆದರು. ಅಜ್ಜಿಗೆ ಕೈಲಾಗದಾದಾಗ ಮಕ್ಕಳನ್ನು ಕರೆಸಿಕೊಳ್ಳುತ್ತೇನೆ ಎಂದು ಶಮಿಸೊ ವೀಸಾ ಕಚೇರಿಗೆ ಅರ್ಜಿ ಹಾಕಿದಳು. ಉತ್ತರ ಬಂದ ಗುರುವಾರ ನಾವೆಲ್ಲ ಚರ್ಚಿನ ಹಿಂದಿನ ಕೋಣೆಯಲ್ಲಿ ಹಾಲು ಸುರಿದ ಚಹಾ ಕುಡಿಯುತ್ತಿದ್ದೆವು. ತೇತೆ ಕನ್ನಡಕ ಹಾಕಿ, ಇಂಗ್ಲಿಷಿನ ಆಂಟ್ ಎಂಬುದನ್ನು ಅತ್ತೆ ಎಂದೇ ಮಾಡಿಕೊಂಡು, ಗಟ್ಟಿಯಾಗಿ ಓದಿದಳು: ನೀವು ಈ ಮಕ್ಕಳ ತಾಯಿ ಅಲ್ಲ. ನೀವು ಅವರಿಗೆ ಅತ್ತೆ ಮಾತ್ರ. ನಿಮಗೆ ಮಕ್ಕಳಿದ್ದಾರೆ ಎಂಬುದನ್ನು ನಾವು ಒಪ್ಪುವುದಿಲ್ಲ.

ತೇತೆ ಕನ್ನಡಕ ತೆಗೆದಳು.

"ಅತ್ತೆ?" ಎಂದಳು. "ಅತ್ತೆ ಇಲ್ಲಿ ನಾನು. ತಾಯಿಯ ತಂಗಿ ಯಾವಾಗ ಅತ್ತೆಯಾದಳು? ನನ್ನ ಪದವೀನ ಇವಳಿಗೆ ಕೊಡೋಕೆ ಆ ಹೈದ ಯಾರು? ಅವನ ಮನೇಲಿ ಯಾರೂ ದೊಡ್ಡೋರಿಲ್ವಾ?"

"ತೇತೆ, ಮಕ್ಕಳಿಗೆ ವೀಸಾ ಕೊಡಲಿಲ್ಲ ಅನ್ನೋದು ವಿಷಯ," ಎಂದಳು ಶಮಿಸೊ.

"ಅದು ನಿನ್ನ ವಿಷಯ. ನನ್ನ ವಿಷಯ ಬೇರೆ. ಎರಡಕ್ಕೂ ಸೇರಿಸಿ ಕೇಸು ಹಾಕು."

ಮೇಲ್ಮನವಿ ಹಾಕಿದರು. ನ್ಯಾಯಮಂಡಳಿಯ ಮುಂದೆ ಸಾಲು ಎಷ್ಟು ಉದ್ದವಿತ್ತೆಂದರೆ, ನಮ್ಮ ಸರದಿ ಎಂದು ಬರುತ್ತದೆ ಎಂದು ವಕೀಲರು ಹೇಳಲೇ ಇಲ್ಲ, ಭುಜ ಹಾರಿಸಿದರು.

ಹೀಗಿರುವಾಗ ಒಂದು ದಿನ ಕಾಯಂ ವಾಸದ ಪರವಾನಗಿ ಬಂದೇ ಬಂತು. ನಲವತ್ತಕ್ಕೆ ಇನ್ನೂ ಕೆಲವು ತಿಂಗಳಿದ್ದವು. ತಫಾರ ತನ್ನ ಕೈಯಾರೆ ದೊಡ್ಡ ಪಾತ್ರೆಯಲ್ಲಿ ಸದ್ಜಾ ತಿರುವಿದ. ಮೆಕ್ಕೆಜೋಳದ ಹಿಟ್ಟಿನ ಆ ಮುದ್ದೆಯನ್ನು ಗಂಟಿಲ್ಲದೆ ತಿರುವುವುದು ಗಂಡಸರ ಕೈಲಾಗದು ಎಂದು ನಾವೆಲ್ಲ ಸುತ್ತ ನಿಂತು ಹೀಯಾಳಿಸಿದೆವು. ಗಂಟುಗಳೂ ಇದ್ದವು. ತಿಂದೆವು. ಮಗುವಿಗೆಂದು ಇಟ್ಟ ಸಣ್ಣ ಕೋಣೆಗೆ ಅವನು ಆಗಲೇ ಹಳದಿ ಬಣ್ಣ ಬಳಿದಿದ್ದ.

ಆಸ್ಪತ್ರೆಗೆ ಗಂಡ, ಹೆಂಡತಿ, ತೇತೆ ಮೂವರೂ ಹೋದರು. ಮಿಸೆಸ್ ಥ್ರಪ್ ಎದ್ದು ನಿಂತು ಕೈಕುಲುಕಿದರು. ಪರವಾನಗಿ ನೋಡಿ ಮೆಚ್ಚಿದರು. ವಯಸ್ಸು ಸರಿ. ತೂಕ ಸರಿ. ಸಿಗರೇಟು ಇಲ್ಲ. ಪ್ರತಿಯೊಂದಕ್ಕೂ ಒಂದು ಟಿಕ್ಕು ಹಾಕುತ್ತ ಅರ್ಜಿಯ ಕೊನೆಗೆ ಇಳಿದು ಬಂದರು.

"ಕೊನೇ ಪ್ರಶ್ನೆ ಡಿಯರ್. ನಿಮಗೆ ಅಥವಾ ಇವರಿಗೆ ಮಕ್ಕಳು ಯಾರಾದ್ರೂ?"

"ಇಬ್ಬರು," ಎಂದಳು ಶಮಿಸೊ.

ಯೋಚಿಸಿ ಹೇಳಿದ್ದಲ್ಲ. ನಿನ್ನ ಹೆಸರೇನು ಎಂದರೆ ಹೇಳುವ ಹಾಗೆ ಹೇಳಿದಳು. ಮೇಜಿನ ಕೆಳಗೆ ತಫಾರ ಅವಳ ಕಾಲು ಒತ್ತಿದ್ದು ತಡವಾಯಿತು. ಮಿಸೆಸ್ ಥ್ರಪ್ ಅವರ ಪೆನ್ನು ಟಿಕ್ಕಿನ ಮೇಲೆಯೇ ನಿಂತಿತು.

"ಅಯ್ಯೋ," ಎಂದರು. "ಮಕ್ಕಳಿರೋರಿಗೆ ಇದು ಇಲ್ಲ. ಮಕ್ಕಳೇ ಇಲ್ದಿರೋರಿಗೆ ಮಾತ್ರ."

"ಅವು ಅವಳ ಅಕ್ಕನ ಮಕ್ಕಳು," ಎಂದ ತಫಾರ. "ಅಕ್ಕ ತೀರಿಹೋದಳು."

"ಹಾಗಾದ್ರೆ ನಿಮ್ಮದಲ್ವಾ ಡಿಯರ್?"

"ನನ್ನವೇ," ಎಂದಳು ಶಮಿಸೊ.

"ನೀವು ಅವರ ಅಮ್ಮನಾ?"

"ಮತ್ತಿನ್ಯಾರು."

"ಹಾಗಾದ್ರೆ ನನ್ನ ಕೈ ಕಟ್ಟಿದೆ," ಎಂದು ಮಿಸೆಸ್ ಥ್ರಪ್ ನಿಜವಾಗಿಯೂ ನೊಂದುಕೊಂಡರು, ಪೆಪ್ಪರ್‌ಮಿಂಟಿನ ಡಬ್ಬಿ ಮುಂದೆ ತಳ್ಳಿದರು. "ಮನೆಗೆ ಹೋಗಿ ಇನ್ನೊಂದ್ಸಲ ವಿಚಾರ ಮಾಡಿ. ಉತ್ತರ ಬದಲಾದ್ರೆ ಬನ್ನಿ. ಈಗಲೇ ಏನೂ ಕ್ಲೋಸ್ ಮಾಡಲ್ಲ."

ಒಂದು ಸರ್ಕಾರ, ಎರಡು ಕಿಟಕಿ. ಒಂದು ಕಿಟಕಿಯಲ್ಲಿ, ನಿನಗೆ ಮಕ್ಕಳಿಲ್ಲ, ಆದ್ದರಿಂದ ಅವರನ್ನು ಕರೆತರುವ ಹಾಗಿಲ್ಲ. ಇನ್ನೊಂದರಲ್ಲಿ, ನಿನಗೆ ಮಕ್ಕಳಿದ್ದಾರೆ, ಆದ್ದರಿಂದ ಹೆರುವ ಹಾಗಿಲ್ಲ. ಎರಡಕ್ಕೂ ಮೇಲೆ ಅದೇ ಕಿರೀಟದ ಚಿತ್ರ. ಇಂಥ ಮಾಟವನ್ನು ನಮ್ಮೂರ ಮಂತ್ರವಾದಿ ಮಾಡಿದ್ದರೆ ಅವನನ್ನು ಕಲ್ಲು ಹೊಡೆದು ಓಡಿಸುತ್ತಿದ್ದೆವು. ಇಲ್ಲಿ ಅವನಿಗೆ ಪಿಂಚಣಿ ಇದೆ.

ಮನೆಗೆ ಬಂದೊಡನೆ ನನ್ನನ್ನೂ ಕರೆಸಿಕೊಂಡು ತೇತೆ ಯುದ್ಧದ ಯೋಜನೆ ಹಾಕಿದಳು. ಯೋಜನೆ ಎಂದರೆ ಒಂದೇ ಮಾತು. ವೀಸಾ ಕಚೇರಿಯ ಕಾಗದ ತಗೊಂಡು ಹೋಗುವುದು, ಮಕ್ಕಳಿಲ್ಲ ಎನ್ನುವುದು, ಟಿಕ್ಕು ಹಾಕಿಸಿಕೊಂಡು ಬರುವುದು. ಅವಳು ಅಡಿಗೆಮನೆಯ ಮೇಜಿನ ಹಿಂದೆ ಮಿಸೆಸ್ ಥ್ರಪ್ ಆಗಿ ಕೂತಳು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು.

"ಮಕ್ಕಳು ಯಾರಾದ್ರೂ ಡಿಯರ್?"

"ಇಬ್ಬರು."

"ಇಲ್ಲ ಅನ್ನು."

"ಬರಲ್ಲ ತೇತೆ."

"ಬಾಯಿ ಇದೆಯಲ್ಲ. ಇನ್ನೊಂದು ಸಲ. ಮಕ್ಕಳು?"

"ಇಬ್ಬರು."

"ನೋಡೇ, ಪೂರ್ವಜರಿಗೆ ಇಂಗ್ಲಿಷ್ ಬರಲ್ಲ. ಇಂಗ್ಲಿಷಲ್ಲಿ ಹೇಳಿದ ಸುಳ್ಳು ಅವರ ಕಿವಿಗೆ ಬೀಳಲ್ಲ."

"ನಮ್ಮಪ್ಪ ಗಣೀಲಿ ಜೀವಮಾನ ಎಲ್ಲಾ ಇಂಗ್ಲಿಷ್ ಸಾಹೇಬರ ಕೈಕೆಳಗೆ ದುಡಿದೋನು. ಅವನಿಗೆ ಬರುತ್ತೆ."

"ನನ್ನ ತಮ್ಮ ಅವನು, ನನಗೆ ಗೊತ್ತಿಲ್ವಾ? ಅವನಿಗೆ ಬರ್ತಿದ್ದದ್ದು ಬೈಗುಳ ಮಾತ್ರ."

"ಇದೂ ಬೈಗುಳಾನೇ," ಎಂದಳು ಶಮಿಸೊ.

ತೇತೆ ಕನ್ನಡಕವನ್ನು ಮೇಲಕ್ಕೇರಿಸಿದಳು.

ಜಗಳ ಮಾಡಿದವನು ತಫಾರ. ಯಾವತ್ತೂ ದನಿ ಎತ್ತದವನು ಸಿಂಕಿನ ಹತ್ತಿರ ನಿಂತು, ನಮ್ಮ ಕಡೆ ಬೆನ್ನು ಮಾಡಿಕೊಂಡೇ ಹೇಳಿದ: "ಒಂದೇ ಮಾತು ಶಮಿಸೊ. ಒಂದು ಮಾತಿಗೆ ನಮ್ಮ ಮಗು. ಆ ಕೋಣೇಲಿ ನಾವು ಮೂವರು, ಆ ಹೆಂಗಸು. ರುವಾಗೂ ಅನೆಸುಗೂ ಕೇಳಿಸೋದೇ ಇಲ್ಲ."

"ನನಗೆ ಕೇಳಿಸುತ್ತಲ್ಲ ಟೆಂಬೊ," ಎಂದಳು ಅವಳು. ಜೀಬ್ರಾ ಕುಲದವನನ್ನು ಪ್ರೀತಿಯಿಂದ ಕರೆಯುವುದು ಹಾಗೆ. "ನಾನು ಇಲ್ಲ ಅಂದು ಬಂದು, ಭಾನುವಾರ ಫೋನು ಎತ್ತಿ, ಅವರು ಅಮ್ಮಾ ಅಂದ್ರೆ ಏನಂತ ಓ ಅನ್ನಲಿ?"

"ನನಗೆ ಏನಂತ ಓ ಅಂತೀಯ? ನಮ್ಮಮ್ಮ ಪ್ರತಿ ವಾರ ಕೇಳ್ತಾಳೆ. ಕೋಣೆಗೆ ಬಣ್ಣ ಬಳಿದವನು ನಾನು."

"ಬಣ್ಣ ಬಳಿದ ಕೋಣೇನ ಖಾಲಿ ಇಟ್ಟಿದ್ದು ನಾನಲ್ಲ. ನಿನ್ನ ಕಾಯಿಸಿದ್ದೂ ನಾನಲ್ಲ. ನೀನು ಬೈಬೇಕಾದೋರು ಬೇರೆ ಇದಾರೆ. ಅವರು ಸಿಗಲ್ಲ, ನಾನು ಸಿಕ್ತೀನಿ, ಅಷ್ಟೇ."

ತಫಾರ ಅಳುತ್ತಿದ್ದ. ಪಾತ್ರೆ ತೊಳೆಯುತ್ತ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಗಂಡಸರು ನಂಬಿದ್ದಾರೆ. ಇಬ್ಬರು ಒಳ್ಳೆಯ ಮನುಷ್ಯರನ್ನು ಒಬ್ಬರ ಮೇಲೊಬ್ಬರು ಕಿರುಚುವಂತೆ ಮಾಡಿ, ಆ ಎರಡು ಕಿಟಕಿಗಳು ಐದು ಗಂಟೆಗೆ ಸರಿಯಾಗಿ ಬಾಗಿಲು ಹಾಕಿಕೊಂಡು ಮನೆಗೆ ಹೋಗಿದ್ದವು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಮತ್ತೆ ಆಸ್ಪತ್ರೆಗೆ ಹೋದರು. ಈ ಸಲ ತೇತೆ ಸಂಘದ ಪೂರ್ಣ ಸಮವಸ್ತ್ರದಲ್ಲಿದ್ದಳು. ನಾನೂ ಇದ್ದೆ, ಬೆಂಬಲಕ್ಕೆ. ಶಮಿಸೊ ವೀಸಾ ಕಚೇರಿಯ ಕಾಗದವನ್ನು ಮೇಜಿನ ಮೇಲಿಟ್ಟಳು. ಮಿಸೆಸ್ ಥ್ರಪ್ ಓದಿ ಅರಳಿದರು.

"ಇದನ್ನ ಮೊದಲೇ ತೋರಿಸಬಾರದಿತ್ತಾ. ಇಲ್ಲಿ ನೋಡಿ, ಇವರೇ ಹೇಳಿದಾರೆ, ಮಕ್ಕಳಿಲ್ಲ ಅಂತ. ಹಾಗಾದ್ರೆ ಟಿಕ್ ಹಾಕ್ಲಾ?"

"ಹಾಕಿ," ಎಂದಳು ಶಮಿಸೊ.

"ನೀವು ಹೇಳಬೇಕು ಡಿಯರ್. ಪೇಷಂಟ್ ಹೇಳಿದ್ದನ್ನ ಮಾತ್ರ ನಾನು ಹಾಕೋದು. ನಿಮಗೆ ಮಕ್ಕಳಿದಾರಾ?"

ತಫಾರ ನೆಲ ನೋಡಿದ.

"ಸುಳ್ಳು ಹೇಳಿದೋರು ಅವರು," ಎಂದಳು ಶಮಿಸೊ. "ಕಾಗದ ಅವರದ್ದು. ಅವರ ಸುಳ್ಳಿಗೆ ಅವರೇ ಟಿಕ್ ಹಾಕ್ಲಿ. ನನ್ನ ಬಾಯಿಂದ ಹೇಳಿಸಬೇಡಿ."

"ಬರೀ ಹೌದು ಇಲ್ಲ ಅಷ್ಟೇ ಡಿಯರ್. ಇದೊಂದು ಮಾತು ಹೇಳಿಬಿಟ್ರೆ ಮುಂದಿನ ತಿಂಗಳೇ ಶುರು ಮಾಡಬಹುದು."

ಶಮಿಸೊ ಆ ನಾಯಿಮರಿಯ ಫೋಟೊವನ್ನು ಬಹಳ ಹೊತ್ತು ನೋಡಿದಳು. ಎಲ್ಲ ಅವಳ ಮುಂದೆ ಇತ್ತು; ಹಳದಿ ಕೋಣೆ ಇತ್ತು, ಗಂಡನ ಬಗ್ಗಿದ ತಲೆ ಇತ್ತು. ನಾನು ಅವಳಾಗಿದ್ದರೆ ಇಲ್ಲ ಎನ್ನುತ್ತಿದ್ದೆ, ಎರಡು ಸಲ ಎನ್ನುತ್ತಿದ್ದೆ.

"ಇಬ್ಬರು," ಎಂದಳು. "ದೊಡ್ಡವಳು ರುವಾ. ಅವಳಿಗೆ ಗಣಿತ ಬರಲ್ಲ. ಚಿಕ್ಕವನು ಅನೆಸು. ಮುಂದಿನ ಹಲ್ಲು ಬಿದ್ದಿದೆ. ಬರ್ಕೊಳಿ. ಇವಳಿಗೆ ಮಕ್ಕಳಿದಾರೆ, ಅದಕ್ಕೇ ಚಿಕಿತ್ಸೆ ಕೊಡಲ್ಲ ಅಂತ ಪೂರ್ತಿ ಬರೆದು, ಮೊಹರು ಹೊಡೆದು ಕೊಡಿ."

"ಬರೆದು ಕೊಡೋದು ಯಾಕೆ?"

"ನಿರಾಕರಿಸಿದೋರು ಕಾರಣ ಬರೆದು ಕೊಡಬೇಕಲ್ವಾ?"

"ಅದು ಹೌದು," ಎಂದರು ಮಿಸೆಸ್ ಥ್ರಪ್. ಅವರಿಗೆ ನಿಯಮ ಎಂದರೆ ಪ್ರಾಣ. ಒಂದೂ ತಪ್ಪಿಲ್ಲದೆ, ಹೆಸರುಗಳ ಕಾಗುಣಿತವನ್ನು ಎರಡು ಸಲ ಕೇಳಿ ಟೈಪು ಮಾಡಿದರು: ಈ ಮಹಿಳೆ ಬದುಕಿರುವ ಇಬ್ಬರು ಮಕ್ಕಳ ತಾಯಿಯಾಗಿರುವುದರಿಂದ. ಕೆಳಗೆ ಸಹಿ. ಮೇಲೆ ಕಿರೀಟ.

ಬಾಗಿಲ ಹೊರಗೆ ತೇತೆ ಬಾಯಿ ತೆರೆದಳು, ಸೋದರ ಸೊಸೆಯನ್ನು ಸುಟ್ಟುಬಿಡಲು. ಕಾಗದದ ಮೇಲೆ ಕಣ್ಣು ಬಿತ್ತು. ಬಾಯಿ ಮುಚ್ಚಿದಳು. ಮತ್ತೆ ಓದಿದಳು. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಗಾಲಿಕುರ್ಚಿಗಳ ನಡುವೆ, ನಮ್ಮೂರಿನ ಮದುವೆಯಲ್ಲಿ ಹೆಂಗಸರು ನಾಲಿಗೆ ಆಡಿಸಿ ಕೂಗುತ್ತಾರಲ್ಲ, ಹಾಗೆ ಕೂಗಿದಳು. ಇಬ್ಬರು ನರ್ಸುಗಳು ಯಾರಿಗೋ ಹೃದಯ ನಿಂತಿತೆಂದು ಓಡಿಬಂದರು.

"ಅಳಿಯಂದ್ರೇ," ಎಂದಳು ತೇತೆ, "ನಿಮ್ಮ ಹೆಂಡತಿ ಕಚೇರಿ ಕೈಲೇ ತನ್ನ ಮಕ್ಕಳನ್ನ ಹೆರಿಸಿಕೊಂಡು ಬಂದಿದಾಳೆ. ನೋಡಿ, ಹುಟ್ಟಿದ ಪತ್ರ."

ತಫಾರನಿಗೆ ನಗು ಬರಲಿಲ್ಲ. ಆದರೆ ಬಸ್ಸಿನಲ್ಲಿ ಅವನು ಹೆಂಡತಿಯ ಪಕ್ಕ ಕೂತ.

ನ್ಯಾಯಮಂಡಳಿಯ ದಿನ ಬರುವಷ್ಟರಲ್ಲಿ ಶಮಿಸೊಗೆ ನಲವತ್ತು ತುಂಬಿತ್ತು. ಹಿಂದಿನ ಎರಡು ಸಾಲು ಪೂರ್ತಿ ಕೆಂಪು ರವಿಕೆ. ಸರ್ಕಾರದ ಪರ ನಿಂತಿದ್ದವನು ತೆಳ್ಳಗಿನ ಹುಡುಗ; ನಮ್ಮನ್ನು ನೋಡಿ ಒಮ್ಮೆ ನೀರು ಕುಡಿದ. ಈ ಹೆಂಗಸು ಆ ಮಕ್ಕಳ ತಾಯಿ ಅಲ್ಲ, ಅತ್ತೆ ಎಂದು ವಾದ ಶುರುಮಾಡಿದ. ಹಿಂದಿನ ಸಾಲಿನಿಂದ ತೇತೆ ಕೆಮ್ಮಿದಳು. ನಮ್ಮ ವಕೀಲರು ಆಸ್ಪತ್ರೆಯ ಕಾಗದ ಮುಂದಿಟ್ಟರು. ನ್ಯಾಯಾಧೀಶೆಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಂಡು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದರು.

"ಇವರಿಗೆ ಮಕ್ಕಳಿಲ್ಲ ಅಂತ ನೀವು ಹೇಳ್ತಿದೀರಿ," ಎಂದರು ಆ ಹುಡುಗನಿಗೆ.

"ಹೌದು ಮೇಡಂ."

"ಇವರಿಗೆ ಮಕ್ಕಳಿದಾರೆ ಅಂತ ಹೇಳಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಟ್ಟಿಲ್ಲ."

"ಅದು ಬೇರೆ ಇಲಾಖೆ ಮೇಡಂ."

"ಹೆಂಗಸು ಒಬ್ಬಳೇ ಅಲ್ವಾ?" ಎಂದರು ನ್ಯಾಯಾಧೀಶೆ.

ಹುಡುಗ ತನ್ನ ಕಡತದಲ್ಲಿ ಉತ್ತರ ಹುಡುಕಿದ. ಹಿರಿಯರ ಚಾಪೆಯ ವಿಷಯ, ಭಾನುವಾರದ ಫೋನುಗಳ ವಿಷಯ, ಅಜ್ಜಿಯ ಕಾಯಿಲೆಯ ವಿಷಯ ಎಲ್ಲವನ್ನೂ ನ್ಯಾಯಾಧೀಶೆ ಕೇಳಿದರು. ಕೆಲವು ವಾರಗಳ ಮೇಲೆ ತೀರ್ಪು ಬಂತು. ಮಕ್ಕಳು ಬರಬಹುದು.

ಬಂದರು. ರುವಾ ಹಳದಿ ಕೋಣೆಯ ಬಣ್ಣ ನೋಡಿ ಮೂಗು ಮುರಿದಳು, ಅನೆಸು ತಫಾರನ ಹೆಗಲೇರಿ ಇಳಿಯಲಿಲ್ಲ. ಚರ್ಚಿನಲ್ಲಿ ಎಲ್ಲರೂ ಹಾಡಿದರು, ಕುಣಿದರು. ಪಾದ್ರಿಗಳು, "ನೋಡಮ್ಮಾ, ಕೊನೆಗೆ ಎಲ್ಲಾ ಸರಿಹೋಯ್ತು," ಎಂದರು. ಶಮಿಸೊ ಅವರ ಕೈಯಿಂದ ತನ್ನ ಕೈ ಬಿಡಿಸಿಕೊಂಡು, "ಏನು ಸರಿಹೋಯ್ತು ಫಾದರ್?" ಎಂದಳು.

ಮರುವಾರ ಅವಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಏನೋ ಆಗುತ್ತದೆಂಬ ವಾಸನೆ ಮೂಗಿಗೆ ಬಡಿದು ನಾನೂ ಹಿಂದೆ ಹೋದೆ. ಮಿಸೆಸ್ ಥ್ರಪ್ ಎದ್ದು ಬಂದು ಅವಳನ್ನು ತಬ್ಬಿಕೊಂಡರು.

"ನಮ್ಮಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೋತೀರಿ ನೀವು. ನಮ್ಮ ಮನೆಯೋರೇ ಆಗಿಬಿಟ್ಟಿದೀರಿ. ಈ ಮುದ್ದು ಮಕ್ಕಳು ಯಾರು? ನಿಮ್ಮ ಅಕ್ಕನ ಮಕ್ಕಳಾ?"

ಶಮಿಸೊ ಉತ್ತರ ಕೊಡುವ ಮೊದಲೇ ರುವಾ ಹೇಳಿದಳು, ಶಾಲೆಯ ಇಂಗ್ಲಿಷಿನಲ್ಲಿ, ಬಹಳ ಸ್ಪಷ್ಟವಾಗಿ: "ನೀವು ಬರೆದುಕೊಟ್ಟಿದ್ರಲ್ಲ ಮೇಡಂ, ಆ ಇಬ್ಬರು ನಾವೇ."

ಮಿಸೆಸ್ ಥ್ರಪ್ ಪೆಪ್ಪರ್‌ಮಿಂಟ್ ಡಬ್ಬಿಯ ಕಡೆ ಕೈ ಚಾಚಿದರು.

"ಬೇಡ," ಎಂದಳು ಶಮಿಸೊ. "ಇವರಿಬ್ಬರ ವಿಷಯ ಮುಗೀತು. ನಾನು ಬಂದಿದ್ದು ಮೂರನೇ ಮಗು ವಿಷಯಕ್ಕೆ."

"ಆದ್ರೆ ಡಿಯರ್, ಈಗ ನಿಮಗೆ ವಯಸ್ಸು..."

"ಗೊತ್ತು. ವಯಸ್ಸು ಮೀರಿದೆ. ಮೂವತ್ತೈದರಲ್ಲಿ ಬಂದಿದ್ದೆ ನಿಮ್ಮ ಹತ್ರ. ಇದೇ ಕುರ್ಚಿ. ಯಾರು ಕಾಯಿಸಿದ್ದು, ಯಾಕೆ ಕಾಯಿಸಿದ್ದು, ಅದನ್ನ ಬರೆದು ಕೊಡಿ. ಮೊಹರು ಹೊಡೆದು."

"ಅದಕ್ಕೆ ಯಾವ ಕಾಗದಾನೂ ಇಲ್ಲ ಡಿಯರ್."

"ಹುಡುಕಿ. ನಾನು ಕಾಯ್ತೀನಿ," ಎಂದಳು ಶಮಿಸೊ. "ನನಗೆ ಅಭ್ಯಾಸ ಇದೆ."

ಕೂತಳು. ಎರಡು ಪಕ್ಕ ಇಬ್ಬರು ಮಕ್ಕಳು ಕೂತರು. ಮಿಸೆಸ್ ಥ್ರಪ್ ಒಂದು ಖಾನೆ ಎಳೆದರು, ಇನ್ನೊಂದು ಎಳೆದರು, ಮೇಲಿನವರಿಗೆ ಫೋನು ಮಾಡಿದರು, ಮೇಲಿನವರು ಊಟಕ್ಕೆ ಹೋಗಿದ್ದರು. ನಾನು ಹೊರಗೆ ಹೋಗಿ ತೇತೆಗೆ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಬಸ್ ನಿಲ್ದಾಣದ ಕಡೆಯಿಂದ ಕೆಂಪು ರವಿಕೆಗಳ ಸಾಲು ಬರುತ್ತಿರುವುದು ಕಾಣಿಸಿತು. ಮುಂದೆ ತೇತೆ, ಕೈಯಲ್ಲಿ ಸದ್ಜಾದ ದೊಡ್ಡ ಡಬ್ಬಿ. ಹಿಂದೆ, ಎಲ್ಲರ ತಟ್ಟೆಗಳನ್ನು ಹೊತ್ತುಕೊಂಡು, ಕೆಲಸಕ್ಕೆ ರಜೆ ಹಾಕಿದ ತಫಾರ.